ಕಾಯಕದಲ್ಲಿ ಸತ್ಯ: ಒಂದು ಪುಟ್ಟ ಹಡಗಿನ ಪ್ರಸಂಗ

ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರದು ವಿಶಿಷ್ಟ ಸ್ಥಾನ. ದೋಣಿ ನಡೆಸಿ ಜನರನ್ನು ಹೊಳೆ ದಾಟಿಸುವುದು ಅವರ ಕಾಯಕ. ಬಹುಪಾಲು ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇರಿಸಿಕೊಂಡರೆ, ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ಆಡಿದ ಮಾತಿಗೆ ತಾನೇ ಹೊಣೆ ಎಂಬ ಧೈರ್ಯವನ್ನು ಆ ಅಂಕಿತದಲ್ಲಿ ಕಾಣಬಹುದು. ಮುಲಾಜಿಲ್ಲದೆ ಸತ್ಯ ನುಡಿದವರೆಂದೇ ಅವರು ಪ್ರಸಿದ್ಧರು. ದೋಣಿಯ ಕಾಯಕಕ್ಕೂ ಸತ್ಯದ ನುಡಿಗೂ ಇರುವ ಈ ನಂಟನ್ನು ನೆನೆಯುವಾಗ, ವಿಜಯಪುರದ ಗೃಹಸ್ಥರೊಬ್ಬರ ಮನೆಯಲ್ಲಿ ಸಿದ್ಧವಾದ ಒಂದು ಪುಟ್ಟ ಹಡಗಿನ ಪ್ರಸಂಗವು ಸದ್ಭಕ್ತರ ಚಿಂತನೆಗೆ ಯೋಗ್ಯವಾಗಿದೆ.

ಆ ಗೃಹಸ್ಥರು ಚಿತ್ರಕಲಾ ಶಿಕ್ಷಕರಾಗಿ ನಿವೃತ್ತರಾದವರು. ಹುಟ್ಟೂರು ತಿಕೋಟಾ, ವಾಸ ವಿಜಯಪುರ ನಗರದಲ್ಲಿ. ಅವರ ತಮ್ಮ 1982ರಲ್ಲಿ ನೌಕಾಪಡೆ ಸೇರಿ, ಮುಂಬಯಿಯಲ್ಲಿ ಕ್ಷಿಪಣಿ ನೌಕೆಯೊಂದರ ಇಂಜಿನ್ ಕೋಣೆಯಲ್ಲಿ ದುಡಿದು, ಹದಿನೈದು ವರ್ಷಗಳ ಸೇವೆಯ ನಂತರ ಊರಿಗೆ ಮರಳಿ ಬಬಲೇಶ್ವರದಲ್ಲಿ ನೆಲೆಸಿದ್ದರು. ಆ ನೌಕೆಯ ಹೆಸರು ಚಪಲ. 2005ರಲ್ಲಿ ಸೇವೆಯಿಂದ ಬಿಡುಗಡೆಗೊಂಡ ಚಪಲವನ್ನು ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ತಂದು, 2006ರಲ್ಲಿ ಯುದ್ಧನೌಕೆ ಸಂಗ್ರಹಾಲಯವನ್ನಾಗಿ ಮಾಡಲಾಯಿತು. ಅಣ್ಣ ತಮ್ಮಂದಿರು ಒಮ್ಮೆ ಜೊತೆಯಾಗಿ ಅಲ್ಲಿಗೆ ಹೋಗಿಬಂದಿದ್ದರು. ತಮ್ಮ ಲಿಂಗೈಕ್ಯರಾದ ಮೇಲೆ, ಬಬಲೇಶ್ವರದ ಶಾಲೆಯೊಂದರ ಹಿರಿಯರು ಅವರ ನೆನಪಿಗಾಗಿ ಆ ನೌಕೆಯ ಮಾದರಿಯೊಂದನ್ನು ಮಾಡಿಕೊಡುವಂತೆ ಅಣ್ಣನವರನ್ನು ಕೇಳಿಕೊಂಡರು. ಡಿಸೆಂಬರ್ 4ರ ನೌಕಾಪಡೆಯ ದಿನದಂದು ಅದನ್ನು ಮಕ್ಕಳ ಮುಂದೆ ಇಡಬೇಕೆಂಬುದು ಅವರ ಸಂಕಲ್ಪ. ಜೊತೆಗೆ ಒಂದು ಸೂಚನೆಯೂ ಇತ್ತು: ಇದು 1971ರಲ್ಲಿ ಕರಾಚಿಯನ್ನು ಸುಟ್ಟ ಹಡಗು, ಆದ್ದರಿಂದ ಮೈಮೇಲೆ ಗುಂಡಿನ ತೂತು, ಬೆಂಕಿಯ ಕಲೆ ಕಾಣಬೇಕು.

ತಿಕೋಟಾದ ಕಟ್ಟೆಯ ಮೇಲೂ ಇದೇ ಮಾತು ಬಹುಕಾಲದಿಂದ ನಡೆದುಬಂದಿತ್ತು. ಪತ್ರಿಕೆಯಲ್ಲಿ ಹಾಗೆ ಓದಿದವರು ಯಾರೋ ಹೇಳಿದರು, ಕೇಳಿದವರು ನಂಬಿದರು. ತಮ್ಮ ರಜೆಗೆ ಬಂದಾಗಲೆಲ್ಲ 'ಕರಾಚಿ ಸುಟ್ಟ ಹಡಗಿನವ' ಎಂದೇ ಊರು ಎದುರುಗೊಳ್ಳುತ್ತಿತ್ತು.

ಅಣ್ಣನವರು ಕೆಲಸಕ್ಕೆ ತೊಡಗಿದರು. ಅಳತೆಯನ್ನು ನೂರಕ್ಕೆ ಒಂದರಂತೆ ಇಟ್ಟುಕೊಂಡರು. ನಿಜವಾದ ನೌಕೆಯ ಉದ್ದ ಸುಮಾರು 38.6 ಮೀಟರ್, ಅಗಲ ಸುಮಾರು 7.6 ಮೀಟರ್, ಮಾದರಿಯಲ್ಲಿ ಅದು 38.6 ಸೆಂಟಿಮೀಟರ್ ಉದ್ದ, 7.6 ಸೆಂಟಿಮೀಟರ್ ಅಗಲವಾಯಿತು. ಒಡಲಿಗೆ ತೆಳು ಪ್ಲೈವುಡ್ ಮತ್ತು ಪ್ಲಾಸ್ಟಿಕ್ ಹಾಳೆ, ಕಂಬಿಗಳಿಗೆ ತಾಮ್ರದ ತಂತಿ, ಸಂದುಗಳಿಗೆ ಎಂ-ಸೀಲ್. ಇಂಥ ಕೆಲಸದಲ್ಲಿ ಕಣ್ಣಿನ ನಂಬಿಕೆ ಸಾಲದು, ಪ್ರತಿಯೊಂದನ್ನೂ ಅಳೆದೇ ಮುಂದುವರಿಯಬೇಕು. ಒಂದು ಮಿಲಿಮೀಟರ್ ತಪ್ಪಿದರೆ ನಿಜದಲ್ಲಿ ಹತ್ತು ಸೆಂಟಿಮೀಟರ್ ತಪ್ಪಿದಂತೆ.

ಅಳೆಯುತ್ತ ಹೋದಾಗಲೇ ಒಂದು ತೊಡಕು ಎದುರಾಯಿತು. ನೌಕೆಯ ಎರಡೂ ಪಕ್ಕದಲ್ಲಿ ಎರಡೆರಡರಂತೆ ಕ್ಷಿಪಣಿಗಳನ್ನಿಡುವ ನಾಲ್ಕು ಗೂಡುಗಳಿವೆ. ಕಾರವಾರದಲ್ಲಿ ತೆಗೆದ ಚಿತ್ರಗಳಲ್ಲಿ ಅವು ದುಂಡನೆಯ ಕೊಳವೆಗಳು. ಆದರೆ 1971ರ ನೌಕೆಗಳ ಚಿತ್ರಗಳಲ್ಲಿ ಅವು ಪೆಟ್ಟಿಗೆಯಂತೆ ಕಾಣುತ್ತಿದ್ದವು. ಒಂದೇ ಹಡಗಿಗೆ ಎರಡು ರೂಪ ಹೇಗೆ ಎಂದು ಅವರು ಹುಡುಕತೊಡಗಿದರು. ಉತ್ತರ ಸ್ಪಷ್ಟವಾಗಿತ್ತು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದ ಕ್ಷಿಪಣಿ ನೌಕೆಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಇವು ಸೋವಿಯತ್ ದೇಶದಿಂದ ಬಂದ ಮೊದಲ ತಂಡದ ನೌಕೆಗಳು. ಪೆಟ್ಟಿಗೆಯಾಕಾರದ ಗೂಡು ಇವುಗಳದು. ಚಪಲವು ಸುಧಾರಿತ ರೂಪದ ಎರಡನೆಯ ತಂಡಕ್ಕೆ ಸೇರಿದ್ದು. ಅದು ನೌಕಾಪಡೆಗೆ ಸೇರಿದ್ದು 1976ರಲ್ಲಿ. ಯುದ್ಧ ಮುಗಿದು ಐದು ವರ್ಷಗಳ ಮೇಲೆ ಬಂದ ಹಡಗು ಆ ಯುದ್ಧದಲ್ಲಿ ಹೋರಾಡಿತೆಂಬುದು ಹೇಗೆ ನಿಜವಾದೀತು? ಅಷ್ಟೇ ಅಲ್ಲ, ಕರಾಚಿಯ ಆ ರಾತ್ರಿಯ ದಾಳಿಯಲ್ಲಿ ಭಾರತದ ಕಡೆ ನಷ್ಟವೇ ಆಗಿರಲಿಲ್ಲ. ಶಾಲೆಯವರು ಕೇಳಿದ ಗುಂಡಿನ ತೂತು ಯಾವ ನೌಕೆಗೂ ಸಲ್ಲದ ಗಾಯವಾಗಿತ್ತು.

ಈ ಅರಿವು ಅವರ ಕೈಯನ್ನು ಕೆಲದಿನ ಕಟ್ಟಿಹಾಕಿತು. ಸತ್ಯವನ್ನು ಹೇಳಿದರೆ ಲಿಂಗೈಕ್ಯನಾದ ತಮ್ಮನ ಮಾನಕ್ಕೆ ಕುಂದು. ಹೇಳದಿದ್ದರೆ ಮಕ್ಕಳ ಮುಂದೆ ಅಸತ್ಯವನ್ನು ಇಟ್ಟಂತೆ. ತಮ್ಮನೇನೂ ಆ ಮಾತನ್ನು ಹಬ್ಬಿಸಿದವನಲ್ಲ. ಮೊದಮೊದಲು 'ಹಂಗಲ್ಲ' ಎಂದು ತಿದ್ದುತ್ತಿದ್ದನು. ಯಾರೂ ಕೇಳದಾದಾಗ ಸುಮ್ಮನಾದನು. ಆ ಮೌನವನ್ನು ಊರು ಒಪ್ಪಿಗೆಯೆಂದು ತಿಳಿಯಿತು, ಅಣ್ಣನವರು ಹೆಮ್ಮೆಯೆಂದು ತಿಳಿದಿದ್ದರು.

ಕೊನೆಗೆ ಅವರು ದುಂಡು ಕೊಳವೆಗಳನ್ನೇ ಮಾಡಿದರು. ದಪ್ಪ ಮಾರ್ಕರ್ ಪೆನ್ನುಗಳ ಕೊಳವೆ ಅದಕ್ಕೆ ಒದಗಿತು. ಅಲ್ಲಿಂದ ಮುಂದಿನ ಕೆಲಸ, ಹಡಗಿಗೆ ಕಾಲದ ಬಣ್ಣ ತರುವುದು. ಮಾದರಿ ಮಾಡುವವರಲ್ಲಿ ಇದೇ ಅತಿ ಸೂಕ್ಷ್ಮವಾದ ಕಲೆ. ಹೊಸ ಬಣ್ಣದಲ್ಲಿ ಹೊಳೆಯುವ ಹಡಗು ಆಟಿಕೆಯಂತೆ ಕಾಣುತ್ತದೆ. ಬಿಸಿಲು, ಉಪ್ಪು, ಎಣ್ಣೆ, ತುಕ್ಕು ಇವುಗಳ ಗುರುತು ಬಿದ್ದಾಗಲೇ ಅದು ಸಮುದ್ರದಲ್ಲಿ ಬಾಳಿದ ಹಡಗೆನಿಸುತ್ತದೆ. ಆದರೆ ಇಲ್ಲಿಯೇ ಸುಳ್ಳು ನುಸುಳುವುದೂ ಸುಲಭ. ತುಕ್ಕು ನೋಡಲು ಚೆಂದವೆಂದು ಎಲ್ಲೆಂದರಲ್ಲಿ ಬಳಿಯುವವರುಂಟು. ಕಬ್ಬಿಣಕ್ಕೆ ಕೆಂಪು ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಭಾಗಕ್ಕೆ ಹಿಡಿಯದು. ಅದರ ಮೇಲೆ ಬಿಳಿಯ ಪುಡಿಯಷ್ಟೇ ಏಳುತ್ತದೆ. ನೀರು ಹೊರಹೋಗುವ ಕಿಂಡಿಯ ಕೆಳಗೆ, ಲಂಗರಿನ ಸರಪಳಿ ಉಜ್ಜುವ ಜಾಗದಲ್ಲಿ ತುಕ್ಕಿನ ಗೆರೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಸೇವೆಯಲ್ಲಿರುವ ಯುದ್ಧನೌಕೆಯಲ್ಲಿ ನಾವಿಕರು ತುಕ್ಕನ್ನು ಕೆರೆದು ಮತ್ತೆಮತ್ತೆ ಬಣ್ಣ ಬಳಿಯುತ್ತಿರುವುದರಿಂದ ಅದು ಅತಿಯಾಗಿಯೂ ಇರಬಾರದು.

ಕಡಲಿನಿಂದ ಬಹುದೂರದ ನೆಲದಲ್ಲಿ ಈ ಪಾಠವನ್ನು ಕಲಿಸಿದವರು ಯಾರು? ಸುತ್ತಲಿನ ವಸ್ತುಗಳೇ ಗುರುವಾದವು. 1656ರಲ್ಲಿ ಪೂರ್ಣಗೊಂಡ ಗೋಲಗುಮ್ಮಟದ ಗೋಡೆಗಳಲ್ಲಿ ಮಳೆನೀರು ಇಳಿದ ಕಪ್ಪು ಗೆರೆಗಳು ಎಲ್ಲಿ ಹುಟ್ಟಿ ಎಲ್ಲಿ ತೆಳುವಾಗುತ್ತವೆ ಎಂಬುದನ್ನು ಅವರು ಪುಸ್ತಕದಲ್ಲಿ ಬರೆದುಕೊಂಡರು. ಕೋಟೆಯ ಬುರುಜಿನ ಮೇಲಿರುವ, 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಕಂಚಿನದು. ಶತಮಾನಗಳ ಮಳೆಬಿಸಿಲಿಗೂ ಅದರಲ್ಲಿ ಕೆಂಪು ತುಕ್ಕು ಬಂದಿಲ್ಲ. ಒಂದೊಂದು ಲೋಹ ಮುಪ್ಪಾಗುವ ರೀತಿ ಒಂದೊಂದು ಎಂದು ಆ ತೋಪು ತೋರಿಸಿತು. ತಿಕೋಟಾದಲ್ಲಿ ಅಳಿಯನ ಒಣದ್ರಾಕ್ಷಿ ಶೆಡ್ಡಿನ ಕಬ್ಬಿಣದ ಕಂಬಗಳು ಬುಡದಲ್ಲಿ ಮತ್ತು ಬೆಸುಗೆಯ ಜಾಗದಲ್ಲಿ ಮೊದಲು ತುಕ್ಕು ಹಿಡಿಯುವುದನ್ನು ಕಂಡರು. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಆದಿಲಶಾಹಿ ಕಾಲದ ದೊಡ್ಡ ಕೆರೆಯ ದಂಡೆಯಲ್ಲಿ ಕುಳಿತು, ಗಾಳಿಗೆ ನೀರು ಸುಕ್ಕಾಗುವ ಬಗೆಯನ್ನು ನೋಡಿದರು.

ಅದೆಲ್ಲವೂ ಮಾದರಿಯ ಮೇಲೆ ಇಳಿಯಿತು. ಮೊದಲು ಒಡಲಿಗೆ ತುಕ್ಕಿನ ಬಣ್ಣ. ಅದು ಒಣಗಿದ ಮೇಲೆ ಬೇಕಾದಲ್ಲಿ ಮಾತ್ರ ನೀರು ಸವರಿ ಅಡುಗೆಯ ಹರಳುಪ್ಪನ್ನು ಉದುರಿಸಿ, ಅದರ ಮೇಲೆ ಬೂದು ಬಣ್ಣ. ಬಣ್ಣ ಆರಿದ ನಂತರ ಉಪ್ಪನ್ನು ಉಜ್ಜಿ ತೆಗೆದರೆ ಆ ಜಾಗದಲ್ಲಿ ಬಣ್ಣ ಕಿತ್ತು ಒಳಗಿನ ತುಕ್ಕು ಇಣುಕುತ್ತದೆ. ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಸಂದುಗಳಿಗೆ ಹರಿಸಿದರು. ಬಿಸಿಲು ಬೀಳುವ ಮೇಲ್ಭಾಗಕ್ಕೆ ತುಸು ಮಾಸಿದ ಛಾಯೆ ಕೊಟ್ಟರು. ಹಿಂಬದಿಯಲ್ಲಿ ಡೀಸೆಲ್ ಹೊಗೆ ಬಡಿಯುವ ಕಡೆ ದೀಪದ ಮಸಿಯನ್ನು ಬೆರಳಿನಿಂದ ಒತ್ತಿದರು. ಗುಂಡಿನ ತೂತನ್ನು ಮಾತ್ರ ಕೊರೆಯಲಿಲ್ಲ.

ಹಡಗನ್ನು ಒಂಟಿಯಾಗಿ ನಿಲ್ಲಿಸದೆ, ಅದರ ಸುತ್ತಲಿನ ಸನ್ನಿವೇಶವನ್ನೂ ಅದೇ ಅಳತೆಯಲ್ಲಿ ಕಟ್ಟುವುದಕ್ಕೆ ಡಿಯೊರಾಮಾ ಎನ್ನುತ್ತಾರೆ. ಶಾಲೆಯವರ ಮನಸ್ಸಿನಲ್ಲಿದ್ದುದು ಹೊತ್ತಿ ಉರಿಯುವ ಬಂದರು. ಅಣ್ಣನವರು ಕಟ್ಟಿದ್ದು ಒಂದು ಸಾಮಾನ್ಯ ಮುಂಜಾವು. ಥರ್ಮೋಕೋಲ್ ಕೆತ್ತಿ, ತೆಳು ಕಾಗದವನ್ನು ಫೆವಿಕಾಲ್‌ನಿಂದ ಅಂಟಿಸಿ, ಬಣ್ಣ ಹಚ್ಚಿ, ವಾರ್ನಿಷ್ ಬಳಿದಾಗ ಶಾಂತವಾದ ನೀರು ಮೂಡಿತು. ಪಕ್ಕದಲ್ಲಿ ಕಲ್ಲಿನ ಧಕ್ಕೆ. ನೌಕೆಯ ಮೇಲೆ ಇಂಜಿನ್ ಕೋಣೆಯ ಬಾಗಿಲಿನಿಂದ ಮೇಲೆ ಬಂದು, ಬಟ್ಟೆಯ ಚೂರಿನಲ್ಲಿ ಕೈ ಒರೆಸಿಕೊಳ್ಳುತ್ತಿರುವ ಒಬ್ಬ ಮನುಷ್ಯ. ಅವನ ಎತ್ತರ 1.7 ಸೆಂಟಿಮೀಟರ್.

ಶಾಲೆಗೆ ಒಯ್ಯುವ ಮೊದಲು ಅವರು ಅದನ್ನು ಬಬಲೇಶ್ವರಕ್ಕೆ, ತಮ್ಮನ ಧರ್ಮಪತ್ನಿಯ ಬಳಿಗೆ ತಂದರು. ಮಾತು ಹೇಗೆ ತೆಗೆಯಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದರು. ಕಡೆಗೆ ನೇರವಾಗಿಯೇ ಹೇಳಿದರು: "ಯವ್ವಾ, ಈ ಹಡಗು ನೌಕಾಪಡಿಗೆ ಬಂದದ್ದ ಎಪ್ಪತ್ತಾರರಾಗ. ಕರಾಚಿ ಲಡಾಯಿ ಅದಕ್ಕಿಂತ ಮೊದಲ ಮುಗದಿತ್ತು."

ಆ ತಾಯಿ ಬಹಳ ಹೊತ್ತು ಹಡಗನ್ನೇ ನೋಡಿದರು. ಹಿಂಬದಿಯ ಮಸಿಯ ಹತ್ತಿರ ಬೆರಳು ತಂದು, ಮುಟ್ಟದೆ ನಿಲ್ಲಿಸಿ ಹೇಳಿದರು: "ಭಾವಾರ, ಈ ಮಸಿ ನನಗ ಗುರುತೈತಿ. ರಜಾಕ್ಕ ಬಂದಾಗ ಅವರ ಅಂಗಿ ತೋಳಿನ್ಯಾಗ ಇದ ಇರ್ತಿತ್ತು. ಎಷ್ಟ ತಿಕ್ಕಿದ್ರೂ ಹೋಗ್ತಿರಲಿಲ್ಲ." ಸ್ವಲ್ಪ ತಡೆದು ಮತ್ತೆ ಹೇಳಿದರು: "ಕರಾಚಿ ಮಾತ ಸುಳ್ಳ ಅಂತ ಅವರ ನನಗ ಹೇಳಿದ್ರು. ಅದಕ್ಕ ತಿಕೋಟಾಕ್ಕ ಹೋಗಾಕ ಒಲ್ಲೆ ಅಂತಿದ್ರು. ಕಟ್ಟಿ ಮ್ಯಾಲ ಕುಂತ್ರ ಮಂದಿ ಇಲ್ಲದ್ದ ಹೊಗಳ್ತಾರ, ಮಾಡಿದ್ದ ಯಾರೂ ಕೇಳೂದಿಲ್ಲ ಅಂತಿದ್ರು."

ಅಣ್ಣನವರಿಗೆ ಆಗ ಒಂದು ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ನಿವೃತ್ತನಾದ ತಮ್ಮ ಹುಟ್ಟೂರಿಗೆ ಬಾರದೆ ಬಬಲೇಶ್ವರದಲ್ಲಿ ಉಳಿದುದನ್ನು ಅವರು ದೊಡ್ಡಸ್ತಿಕೆಯೆಂದು ಎಣಿಸಿ, ಮನಸ್ಸಿನಲ್ಲಿ ಮುನಿಸು ಇಟ್ಟುಕೊಂಡಿದ್ದರು. ಯಾರೋ ಪ್ರೀತಿಯಿಂದ ತೊಡಿಸಿದ ಸುಳ್ಳು ಕಿರೀಟವು ಒಬ್ಬ ಮನುಷ್ಯನನ್ನು ತನ್ನ ಊರಿನಿಂದಲೇ ದೂರಮಾಡಿತ್ತು. ಹದಿನೈದು ವರ್ಷ ಇಂಜಿನ್ನಿನ ಶಾಖದಲ್ಲಿ ಬೆಂದ ದುಡಿಮೆಯು ಆ ಕಿರೀಟದ ಹೊಳಪಿನಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗಿತ್ತು.

ಡಿಸೆಂಬರ್ 4ರಂದು ಮಾದರಿಯು ಶಾಲೆಯ ಮೇಜಿನ ಮೇಲೆ ಕುಳಿತಿತು. ಅದರ ಮುಂದಿನ ಫಲಕದಲ್ಲಿ ಕರಾಚಿಯ ಮಾತಿರಲಿಲ್ಲ. ಚಪಲ, ಸೇವೆ 1976ರಿಂದ 2005ರವರೆಗೆ, ಈಗ ಕಾರವಾರದಲ್ಲಿ ಎಂದಷ್ಟೇ ಇತ್ತು. ಒಂದಿಬ್ಬರು ಹಿರಿಯರು ಬೇಸರಪಟ್ಟರು. ಗುಂಡಿನ ತೂತು ಎಲ್ಲಿ ಎಂದು ಕೆಲವು ಮಕ್ಕಳು ಕೇಳಿದರು. ಅಣ್ಣನವರು ನಿಪಾತ್, ನಿರ್ಘಾತ್, ವೀರ್ ನೌಕೆಗಳ ಕಥೆಯನ್ನು ಹೇಳಿ ಆ ಗೌರವವನ್ನು ಸಲ್ಲಬೇಕಾದವರಿಗೆ ಸಲ್ಲಿಸಿದರು. ಬಳಿಕ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದ ಪುಟ್ಟ ಮನುಷ್ಯನನ್ನು ತೋರಿಸಿದರು. ಅವನ ಕೈಯಲ್ಲಿ ಏನಿದೆ ಎಂದು ಮಕ್ಕಳು ಒಬ್ಬರ ಮೇಲೊಬ್ಬರು ಬಾಗಿ ನೋಡಿದರು.

ಮಾಡದ ಪರಾಕ್ರಮವನ್ನು ಹೊಗಳುವುದು ಮೇಲ್ನೋಟಕ್ಕೆ ಗೌರವದಂತೆ ಕಂಡರೂ, ಮಾಡಿದ ಕಾಯಕವನ್ನು ಮರೆತಂತೆಯೇ ಸರಿ. ನಡೆಗೆ ಹೊಂದದ ನುಡಿಯನ್ನು ಶರಣರು ಒಪ್ಪಲಿಲ್ಲ. ಹೊಗಳಿಕೆಯ ನುಡಿಗೂ ಆ ನಿಯಮದಿಂದ ವಿನಾಯಿತಿಯಿಲ್ಲ. ಅಗಲಿದವರನ್ನು ನೆನೆಯುವ ಸದ್ಭಕ್ತರು ಅವರಿಗೆ ಇಲ್ಲದ ಗಾಯವನ್ನು ಬರೆಯದೆ, ಅವರ ಕೈಗೆ ಹತ್ತಿದ ಮಸಿಯನ್ನು ಗುರುತಿಸಿದರೆ ಸಾಕು.