ಮೀನು ಆರಿಸುವ ಹೊತ್ತು

ಮಧ್ಯಾಹ್ನ ಕಂಕನಾಡಿಯ ಊಟದ ಹೋಟೆಲಿಗೆ ಬಂದವರು ಮೆನು ಕಾರ್ಡಿಗೆ ಕೈಚಾಚುವುದು ಕಡಿಮೆ. "ಅಣ್ಣ, ಇವತ್ತು ಮೀನು ಯಾವುದುಂಟು?" ಎಂದು ಕೇಳಿದರೆ ಉತ್ತರ ಒಂದೇ ಉಸಿರಿನಲ್ಲಿ ಬರುತ್ತದೆ: "ಬಂಗುಡೆ ಉಂಟು, ಕಾಣೆ ಉಂಟು, ಅಂಜಲ್ ಉಂಟು, ಬೂತಾಯಿ ಈಗಷ್ಟೇ ಖಾಲಿ." ಮಂಗಳೂರಿನ ಕೆಲವು ಹೋಟೆಲುಗಳಲ್ಲಿ ಮಸಾಲೆ ಮೆತ್ತಿದ ಮೀನಿನ ತಟ್ಟೆಯೇ ಮೇಜಿಗೆ ಬರುತ್ತದೆ. ಬೆರಳು ತೋರಿಸಿದ್ದು ಕಾವಲಿಗೆ ಹೋಗುತ್ತದೆ.

ಹೊರಗೆ ಉಣ್ಣುವ ಸುಖದ ದೊಡ್ಡ ಪಾಲು ಈ ಆರಿಸುವಿಕೆಯಲ್ಲೇ ಇದೆ. ಗ್ರೀಸಿನ ಕಡಲತಡಿಯ ಸಾದಾ ಊಟದ ಮನೆಗಳಾದ ತವೆರ್ನಾಗಳಲ್ಲೂ ಈ ರೂಢಿಯುಂಟು. ಮಂಜುಗಡ್ಡೆಯ ಮೇಲೆ ಸಾಲಾಗಿಟ್ಟ ಮೀನಿನ ಎದುರು ನಿಂತು ಒಂದನ್ನು ಆರಿಸಿದರೆ, ಅದನ್ನು ತೂಗಿ ಇಡಿಯಾಗಿ ಕೆಂಡದ ಮೇಲೆ ಸುಡುತ್ತಾರೆ. ಮೇಲೆ ಆಲಿವ್ ಎಣ್ಣೆ, ನಿಂಬೆರಸ, ಒಂದಿಷ್ಟು ಒರೆಗಾನೊ. ಪಕ್ಕದಲ್ಲಿ ಬೆಳ್ಳುಳ್ಳಿ, ಸೌತೆಕಾಯಿ ಬೆರೆಸಿದ ಗಟ್ಟಿ ಮೊಸರು; ನಮ್ಮ ಮೊಸರುಬಜ್ಜಿಗೆ ತೀರ ಹತ್ತಿರದ್ದು.

ಇಲ್ಲಿ ಬ್ಯಾಡಗಿ ಮೆಣಸು, ಹುಣಸೆಹುಳಿ, ಬೆಳ್ಳುಳ್ಳಿಯದೇ ರಾಜ್ಯ. ಬಂಗುಡೆ ಸ್ವತಃ ಎಣ್ಣೆಯ ಮೀನು. ಗೀರು ಹಾಕಿ ಮಸಾಲೆ ಒಳಗಿಳಿಸಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಅದರ ರುಚಿ ಬಿಚ್ಚಿಕೊಳ್ಳುತ್ತದೆ. ಕಾಣೆಯ ಮಾಂಸ ಬೆಳ್ಳಗೆ, ಬಲು ಮೆದು. ಅದಕ್ಕೆ ರವೆಯ ಹೊದಿಕೆ ಬೇಕು: ಹೊರಗೆ ಗರಿಗರಿ, ಒಳಗೆ ರಸ ಹಾಗೇ ಉಳಿಯುತ್ತದೆ. ಕಾಣೆಯನ್ನು ಖಾರದಲ್ಲಿ ಮುಳುಗಿಸುವುದು ಅನ್ಯಾಯವೇ ಸರಿ. ಜೊತೆಗೆ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಗಸಿ.

ಕಂಕನಾಡಿಯಲ್ಲಿ ಈ ಊಟಕ್ಕೆ ಕೂರುವವರು ಬಗೆಬಗೆಯವರು. ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಆಲದ ಮರದಡಿ ಹೋಮಿಯೋಪತಿ ಔಷಧ ಕೊಡಲು ತೊಡಗಿದ ಜಾಗ ಇಂದು ದೊಡ್ಡ ಆಸ್ಪತ್ರೆ. ರೋಗಿಗಳ ಜೊತೆ ಬಂದವರು, ವೈದ್ಯಕೀಯ ವಿದ್ಯಾರ್ಥಿಗಳು, ಮಾರುಕಟ್ಟೆಗೆ ಬಂದವರು, ಎಲ್ಲರಿಗೂ ಒಂದೇ ಗಸಿ.

ಈ ಕರಾವಳಿಗೆ ಗ್ರೀಕರ ನಂಟು ಹಳೆಯದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಪಪೈರಸ್‌ನ ಗ್ರೀಕ್ ಪ್ರಹಸನವೊಂದರ ಕಥೆ ಭಾರತದ ಕಡಲತೀರದಲ್ಲಿ ನಡೆಯುತ್ತದೆ. ಸೆರೆಯಾದ ಖಾರಿಟಿಯಾನ್ ಎಂಬ ಹುಡುಗಿಯನ್ನು ಬಿಡಿಸಲು ಬಂದ ಗ್ರೀಕರು, ಇಲ್ಲಿನ ರಾಜನಿಗೂ ಅವನ ಬಂಟರಿಗೂ ನೀರು ಬೆರೆಸದ ಮದ್ಯ ಕುಡಿಸಿ ಮತ್ತೇರಿಸುತ್ತಾರೆ. ಅದರಲ್ಲಿನ ಅನ್ಯಭಾಷೆಯ ಮಾತುಗಳು ಕನ್ನಡ ಎಂದು 1904ರಲ್ಲಿ ವಿದ್ವಾಂಸ ಹುಲ್ಟ್ಷ್ ವಾದಿಸಿದರು. ತುಳು ಎನ್ನುವವರೂ ಇದ್ದಾರೆ. ಹುಲ್ಟ್ಷ್ ಅವರ ಓದಿನ ಪ್ರಕಾರ ಅವು ಬಟ್ಟಲಿಗೆ ಮದ್ಯ ಸುರಿಯುವ ಮಾತುಗಳು. ಅಷ್ಟು ಹಿಂದೆಯೇ ಈ ಎರಡು ಕರೆಯವರನ್ನು ನಾಟಕಕಾರನೊಬ್ಬ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದನೆಂಬುದು ಎಷ್ಟು ಚಂದದ ಸಂಗತಿ!

ಉಣ್ಣಲು ಬರುವವರು ಕಡಲಿನ ಪಂಚಾಂಗವನ್ನೂ ತಿಳಿದಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ತಾಜಾ ಮೀನು ಅಪರೂಪ, ದರ ದುಬಾರಿ. ಒಣಮೀನಿನ ಚಟ್ನಿಗೆ ಮರ್ಯಾದೆ. ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದು ದಕ್ಕೆ ತುಂಬಿದ ಮೇಲೆ ಬಂದರೆ ಆರಿಸಲು ತಟ್ಟೆ ತುಂಬ ಮೀನು. ಒಂದು ಗಂಟೆಯೊಳಗೆ ಬರಬೇಕು, ಒಳ್ಳೆಯ ಕಾಣೆ ಬೇಗ ಮುಗಿಯುತ್ತದೆ.