ಕಾಸಿನ ಮಡಿ

ನಮ್ಮ ಅಜ್ಜಂದಿರ ಕೂಲಿ ರಾಗಿ. ವರ್ಷದ ಜೀತಕ್ಕೆ ಇಷ್ಟು ಸೇರು, ಒಂದು ಕಂಬಳಿ. ಸಾಲ ಮಾತ್ರ ರೂಪಾಯಿಯಲ್ಲಿ ಬೆಳೀತಿತ್ತು. ರಾಗಿಯನ್ನು ರೂಪಾಯಿಗೆ ತಿರುಗಿಸೋ ಲೆಕ್ಕ ಧಣಿಯದು. 1976ರ ಕಾನೂನು ಜೀತವನ್ನೂ ಆ ಸಾಲವನ್ನೂ ರದ್ದು ಮಾಡಿತು.

ಆಮೇಲೆ ಕೂಲಿ ದುಡ್ಡಾಯಿತು. ಅದು ನಮ್ಮ ಅಂಗೈಗೆ ಮೇಲಿಂದ ಬೀಳುತ್ತಿತ್ತು. ನಾವಿಟ್ಟ ಕಾಸಿಗೆ ಅಂಗಡಿಯವನು ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದ. ಕಾಸಿನ ಮಡಿಗೆ ನೀರಿತ್ತು, ನಮ್ಮ ಬಾಯಾರಿಕೆಗಿರಲಿಲ್ಲ.

ಬಾಬಾಸಾಹೇಬರು 1923ರಲ್ಲೇ ರೂಪಾಯಿಯ ಸಮಸ್ಯೆ ಕುರಿತು ಪುಸ್ತಕ ಬರೆದು, ಅದರ ಕೊಳ್ಳುವ ಶಕ್ತಿ ಸ್ಥಿರವಾಗಿರಬೇಕೆಂದು ವಾದಿಸಿದರು. ಬೆಲೆ ಓಡುತ್ತೆ, ಕೂಲಿ ಕುಂಟುತ್ತೆ. ನಮ್ಮವ್ವಂದಿರು ಇದನ್ನು ಸಂತೆಯಲ್ಲಿ ಕಲಿತರು. 2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿ ನೋಟುಗಳು ಸತ್ತಾಗ, ಸಾಸಿವೆ ಡಬ್ಬಿಯಲ್ಲಿ ಅವರು ಬಚ್ಚಿಟ್ಟಿದ್ದೂ ಕಪ್ಪುಹಣದ ಜೊತೆ ಸಾಲಿನಲ್ಲಿ ನಿಂತಿತು.

ಈಗ ದುಡ್ಡು ಮೊಬೈಲಿನೊಳಗೆ. ಕೈಗೆ ಕೈ ಸೋಕುವುದಿಲ್ಲ, ನೀರು ಚಿಮುಕಿಸಬೇಕಿಲ್ಲ. ಗೆಳೆಯರೇ, ಇದನ್ನು ಸಮಾನತೆ ಅನ್ನಬೇಡಿ. ಮುಟ್ಟುವ ಪ್ರಮೇಯ ತಪ್ಪಿದೆ, ಮುಟ್ಟುವ ಮನಸ್ಸು ಬಂದಿಲ್ಲ. ಮೊಬೈಲು ಠಣ್ ಅಂದಾಗ ನಾವು ಎರಡೇ ಕೇಳ್ತೇವೆ: ಈ ಕೂಲಿಗೆ ಎಷ್ಟು ಸೇರು ರಾಗಿ ಬರುತ್ತೆ? ಕೊಟ್ಟವನ ಮನೆಯ ಲೋಟದಲ್ಲಿ ನಮಗೆ ನೀರು ಸಿಗುತ್ತಾ?