ಅಮ್ಮ ಓದಿದ ಮೊದಲ ಪದ

ನಮ್ಮ ಮನೆಗೆ ಕವಿತೆ ಮೊದಲು ಬಂದದ್ದು ಪುಸ್ತಕದಲ್ಲಲ್ಲ, ಕ್ಯಾಸೆಟ್ಟಿನಲ್ಲಿ. 1982ರ ಮಾತು. ನಾನಾಗ ಹೊಸಕೋಟೆಯಲ್ಲಿ ಹೈಸ್ಕೂಲು ಓದುತ್ತಿದ್ದೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಸೋದರಮಾವ ತಮ್ಮ ಹಳೆಯ ಟೇಪ್ ರೆಕಾರ್ಡರನ್ನು ನಮಗೆ ಕೊಟ್ಟು, ಜೊತೆಗೆ ಐದು ಕ್ಯಾಸೆಟ್ಟುಗಳನ್ನೂ ಬಿಟ್ಟುಹೋದರು. ನಾಲ್ಕು ಸಿನಿಮಾ ಹಾಡಿನವು. ಐದನೆಯದು ‘ನಿತ್ಯೋತ್ಸವ’.

ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದರು. 1978ರಲ್ಲಿ ಹೊರಬಂದ ಇದನ್ನು ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಎನ್ನುತ್ತಾರೆ. ಅದರಲ್ಲಿ ನಾಯಕ ನಾಯಕಿ ಯಾರೂ ಇಲ್ಲ, ಕಥೆಯಿಲ್ಲ. ಬರೀ ಕವಿತೆ ಮತ್ತು ಹಾಡುವ ದನಿ. ಅದಕ್ಕೂ ಮೊದಲು ಇಂಥ ಹಾಡು ರೇಡಿಯೋದಲ್ಲಿ ಬರುತ್ತಿತ್ತು ನಿಜ. ಆದರೆ ಒಲೆಯ ಮೇಲೆ ಹಾಲು ಉಕ್ಕಿತೆಂದು ನೀವು ಎದ್ದು ಹೋದರೆ ರೇಡಿಯೋ ಕಾಯುವುದಿಲ್ಲ. ಕ್ಯಾಸೆಟ್ಟು ಕಾಯುತ್ತದೆ.

ಇದು ನನ್ನ ಅಮ್ಮನಿಗೆ ಬಹಳ ದೊಡ್ಡ ವಿಷಯವಾಗಿತ್ತು. ಅವಳಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ನಮ್ಮ ಮನೆಮಾತು ತೆಲುಗು. ಹೊಸಕೋಟೆಯಲ್ಲಿ ಇದು ವಿಶೇಷವೇನಲ್ಲ. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಅಮ್ಮ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುತ್ತಿದ್ದಳು. ಅಕ್ಷರ ಮಾತ್ರ ಯಾವ ಭಾಷೆಯದೂ ಗೊತ್ತಿರಲಿಲ್ಲ. ಒಮ್ಮೆ ದೇವನಹಳ್ಳಿಯಲ್ಲಿದ್ದ ದೊಡ್ಡಮ್ಮನ ಮನೆಗೆ ಹೊರಟವಳು ಬೇರೆ ಬಸ್ಸು ಹತ್ತಿ, ಮಾಲೂರಿನಲ್ಲಿ ಇಳಿದಿದ್ದಳು. ಮನೆ ಸೇರುವಷ್ಟರಲ್ಲಿ ರಾತ್ರಿಯಾಗಿತ್ತು. ಆಮೇಲೆ ನಾಲ್ಕು ವರ್ಷ ಅವಳು ಒಬ್ಬಳೇ ಬಸ್ಸು ಹತ್ತಲಿಲ್ಲ. ಅಪ್ಪನಿಗೆ ಬಿಡುವಾದರೆ ಉಂಟು, ಇಲ್ಲದಿದ್ದರೆ ಅಕ್ಕನ ಮುಖ ನೋಡುವ ಹಾಗಿಲ್ಲ.

ಮಧ್ಯಾಹ್ನ ರಾಗಿ ಆರಿಸಲು ಕೂತಾಗ ಅಮ್ಮ ಆ ಐದನೆಯ ಕ್ಯಾಸೆಟ್ಟು ಹಾಕಿಸುತ್ತಿದ್ದಳು. ಮುಗಿದ ಕೂಡಲೇ, “ಇಂಕೋಸಾರಿ ಪೆಟ್ರಾ” ಎನ್ನುವಳು. ಇನ್ನೊಂದು ಸಲ ಹಾಕೋ ಅಂತ. ಕೆಲವೇ ದಿನಗಳಲ್ಲಿ ಗುಂಡಿಗಳನ್ನು ತಾನೇ ಒತ್ತಲು ಕಲಿತಳು. ಒಂದು ಸಾಲು ಸರಿಯಾಗಿ ಕೇಳಿಸದಿದ್ದರೆ ಹಿಂದಕ್ಕೆ ಸುತ್ತುವುದು, ಮತ್ತೆ ಕೇಳುವುದು, ಮತ್ತೆ ಸುತ್ತುವುದು. ನಾವು ಪಾಠ ಅರ್ಥವಾಗದಿದ್ದರೆ ಪುಟ ಹಿಂದಕ್ಕೆ ತಿರುಗಿಸುತ್ತೇವಲ್ಲ, ಹಾಗೆ. ಟೇಪು ಜೋಲುಬಿದ್ದರೆ ನನ್ನ ಪೆನ್ಸಿಲನ್ನು ಕ್ಯಾಸೆಟ್ಟಿನ ಹಲ್ಲಿನ ತೂತಿಗೆ ಸಿಕ್ಕಿಸಿ ಬಿಗಿ ಮಾಡುತ್ತಿದ್ದಳು. ಮಳೆಗಾಲ ಮುಗಿಯುವುದರೊಳಗೆ ಅಷ್ಟೂ ಕವಿತೆಗಳು ಅವಳಿಗೆ ಬಾಯಿಗೆ ಬಂದಿದ್ದವು.

ಐದು ಕ್ಯಾಸೆಟ್ಟುಗಳಲ್ಲಿ ತನ್ನದು ಯಾವುದೆಂದು ಗುರುತಿಸಲು ಸುಲಭವಾಗಲಿ ಅಂತ ನನ್ನ ಅಕ್ಕ ಅದರ ಮೇಲೆ ಬಿಳಿ ಕಾಗದದ ಚೂರು ಅಂಟಿಸಿ, ದಪ್ಪಕ್ಷರದಲ್ಲಿ ‘ನಿತ್ಯೋತ್ಸವ’ ಎಂದು ಬರೆದಳು. ಅಮ್ಮ ಓದಿದ ಮೊದಲ ಪದ ಅದೇ. ಮಕ್ಕಳೇ, ನೀವು ‘ಅರಸ’, ‘ಆಟ’ದಿಂದ ಶುರು ಮಾಡಿದಿರಿ. ಅಮ್ಮ ಎರಡೆರಡು ಒತ್ತಕ್ಷರವಿರುವ ಪದದಿಂದ ಶುರು ಮಾಡಿದಳು! ಹಾಡು ಬಾಯಲ್ಲಿ ಇದ್ದುದರಿಂದ ಅದು ಅವಳಿಗೆ ಕಷ್ಟ ಅನಿಸಲಿಲ್ಲ. ‘ನಿ’ಯ ಗುಡಿಸು ತೆಗೆದರೆ ‘ನ’ ಎಂದು ಅಕ್ಕ ತೋರಿಸಿದಳು. ಕೊನೆಯ ‘ವ’ ತಾನಾಗಿಯೇ ಗೊತ್ತಾಯಿತು.

ಆ ಹೊತ್ತಿಗೆ ನಮ್ಮ ಕನ್ನಡ ಮೇಷ್ಟ್ರು ಕವಿಯ ಬಗ್ಗೆ ಹೇಳಿದ್ದನ್ನು ನಾನು ಮನೆಯಲ್ಲಿ ಹೇಳಿದೆ. ನಿಸಾರ್ ಅಹಮದ್ ಹುಟ್ಟಿದ್ದು 1936ರಲ್ಲಿ, ದೇವನಹಳ್ಳಿಯಲ್ಲಿ. ಓದಿದ್ದು, ಕಾಲೇಜಿನಲ್ಲಿ ಕಲಿಸಿದ್ದು ಭೂವಿಜ್ಞಾನ. ಮನೆಮಾತು ಉರ್ದು, ಕವಿತೆ ಕನ್ನಡ. ಅಮ್ಮ ಭೂವಿಜ್ಞಾನದ ಬಗ್ಗೆ ಏನೂ ಕೇಳಲಿಲ್ಲ. “ದೇವನಹಳ್ಳಿಯವರಾ? ನಮ್ಮ ಅಕ್ಕನ ಊರಿನವರು!” ಎಂದಳು. ಆಮೇಲೆ ನಿಧಾನವಾಗಿ, “ದೇವನಹಳ್ಳಿ ಅಂತ ಹೇಗೆ ಬರೀತಾರೆ?” ಎಂದು ಕೇಳಿದಳು.

ಅಕ್ಕ ಬರೆದು ತೋರಿಸಿದಳು. ಅದರಲ್ಲಿ ‘ವ’ ಇತ್ತು, ‘ನ’ ಇತ್ತು. ‘ಹ’ ನಮ್ಮೂರಿನ ಹೆಸರಿನ ಮೊದಲಕ್ಷರ, ಕೊಂಬು ಏತ್ವ ಕಳೆದರೆ ಸಾಕು. ಉಳಿದದ್ದು ಎರಡೇ. ಮುಂದಿನ ಸೋಮವಾರ ಅಮ್ಮ ಒಬ್ಬಳೇ ಬಸ್ ನಿಲ್ದಾಣಕ್ಕೆ ಹೋದಳು. ಎರಡು ಬಸ್ಸುಗಳನ್ನು ಬಿಟ್ಟು ಮೂರನೆಯದನ್ನು ಹತ್ತಿದಳು. ಸಂಜೆ ದೊಡ್ಡಮ್ಮ ಕೊಟ್ಟ ಹುಣಸೆಹಣ್ಣಿನ ಗಂಟು ಹಿಡಿದು ಮನೆಗೆ ಬಂದಳು. ಅಪ್ಪ, “ಯಾರನ್ನು ಕೇಳಿ ಹತ್ತಿದೆ?” ಎಂದರು. “ಬೋರ್ಡು ಓದಿದೆ” ಎಂದಳು. ಅಷ್ಟೇ. ಆ ರಾತ್ರಿ ಅಪ್ಪ ಎರಡು ಸಲ ಅದೇ ಮಾತು ನಮ್ಮೆಲ್ಲರಿಗೂ ಹೇಳಿದರು.

ಅಮ್ಮ ಈಗಿಲ್ಲ. ನಿಸಾರ್ ಅಹಮದ್ ಅವರೂ 2020ರಲ್ಲಿ ತೀರಿಕೊಂಡರು. ಈಗ ನಮ್ಮ ಮನೆಯಲ್ಲಿ ಇನ್ನೊಂದು ಆಲ್ಬಂ ತಿರುತಿರುಗಿ ಕೇಳಿಸುತ್ತದೆ. ಏಳನೇ ತರಗತಿಯ ಮೊಮ್ಮಗಳು ಕೇಳುವುದು ಜಪಾನಿನ ಶುಗೊ ಟೊಕುಮಾರು ಅವರ ‘ಪೋರ್ಟ್ ಎಂಟ್ರೋಪಿ’. 2010ರದು. ಆತ ಗಿಟಾರಿನಿಂದ ಹಿಡಿದು ಮಕ್ಕಳ ಆಟಿಕೆ ವಾದ್ಯದವರೆಗೆ ಹತ್ತಾರು ವಾದ್ಯಗಳನ್ನು ತಾವೇ ನುಡಿಸಿ, ಒಂದರ ಮೇಲೊಂದು ಸೇರಿಸಿ ಹಾಡು ಕಟ್ಟುತ್ತಾರೆ. ತಮಗೆ ಬಿದ್ದ ಕನಸುಗಳನ್ನು ಡೈರಿಯಲ್ಲಿ ಬರೆದಿಟ್ಟುಕೊಂಡು, ಅದರಿಂದ ಹಾಡಿನ ಮಾತು ಹೆಣೆಯುತ್ತಾರಂತೆ.

“ಅರ್ಥವಾಗದ ಹಾಡನ್ನು ಅಷ್ಟು ಸಲ ಯಾಕೆ ಕೇಳ್ತಾಳೆ?” ಎಂದು ಮನೆಗೆ ಬಂದವರು ಕೇಳುತ್ತಾರೆ. ನಾನು ಹಾಗೆ ಕೇಳುವುದಿಲ್ಲ. ಹಾಡು ಮೊದಲು ಬಂದು ಅಕ್ಷರ ಹಿಂದೆ ಬರುವುದನ್ನು ನಾನು ಕಂಡವನು.

ಮೊನ್ನೆ ಅವಳು ನೋಟ್‌ಬುಕ್ ತಂದು ತೋರಿಸಿದಳು. “ತಾತಾ, ಜಪಾನಿನವರಿಗೂ ಕಾಗುಣಿತ ಇದೆ! ಅ, ಇ, ಉ, ಎ, ಒ. ಆಮೇಲೆ ಕ, ಕಿ, ಕು, ಕೆ, ಕೊ.” ನಿಜವೇ. ಬೌದ್ಧ ಗ್ರಂಥಗಳ ಜೊತೆಗೆ ಸಂಸ್ಕೃತದ ಅಕ್ಷರಾಭ್ಯಾಸವೂ ಜಪಾನಿಗೆ ಹೋಯಿತು. ಅಲ್ಲಿನ ವರ್ಣಮಾಲೆಯ ಈ ಕ್ರಮಕ್ಕೆ ಅದೇ ಮೂಲ. ಅವರ ಹಿರಗಾನ ಲಿಪಿಯಲ್ಲಿ 46 ಮೂಲಾಕ್ಷರಗಳಿವೆ. ಮೊಮ್ಮಗಳು ಐದೈದರ ಸಾಲಿನಂತೆ ಕಲಿಯುತ್ತಿದ್ದಾಳೆ. ಈ ವಾರ ‘ನ’ ಸಾಲು ಮುಗಿಸಿದಳು. 25 ಆಯಿತು, ಇನ್ನು 21 ಬಾಕಿ.